ನಾಯಿಯ ಕತ್ತುನೋವಿಗೆ ನಮ್ಮ ಮಾತ್ರೆ ಬೇಡ

"ಡಾಕ್ಟ್ರೇ, ನಮ್ಮ ನಾಯಿಗೆ ಕತ್ತು ಹಿಡಿದುಕೊಂಡಿದೆ. ನೀವು ನನಗೆ ಬರೆದುಕೊಟ್ಟ ನೋವಿನ ಮಾತ್ರೆಯಲ್ಲೇ ಅರ್ಧ ಕೊಡಲೇ?" ಇಂಥ ಪ್ರಶ್ನೆ ನನ್ನ ಕ್ಲಿನಿಕ್ಕಿಗೂ ಬರುತ್ತದೆ. ನಾನು ಮನುಷ್ಯರ ವೈದ್ಯ. ಆದರೂ ಒಂದು ಮಾತು ಖಂಡಿತವಾಗಿ ಹೇಳಬಲ್ಲೆ: ಕೊಡಬೇಡಿ.

ಡ್ಯಾಶ್‌ಹುಂಡ್‌ನಂಥ ಗಿಡ್ಡ ಕಾಲಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಎಳೆ ವಯಸ್ಸಿನಲ್ಲೇ ಗಟ್ಟಿಯಾಗುತ್ತದೆ. ಮುಂದೆ ಅದು ಒಡೆದು ಮಿದುಳುಬಳ್ಳಿಯನ್ನು ಒತ್ತಬಹುದು. ಕತ್ತಿನಲ್ಲಿ ಹೀಗಾದರೆ ನಾಯಿ ತಲೆ ಎತ್ತುವುದಿಲ್ಲ, ಮುಟ್ಟಿದರೆ ಕಿರುಚುತ್ತದೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರಬಲ್ಲವು, ಮೂತ್ರಪಿಂಡವನ್ನೂ ಕೆಡಿಸಬಲ್ಲವು. ನೋವು ಅಡಗಿತೆಂದು ನಾಯಿ ಓಡಾಡಿದರೆ ಡಿಸ್ಕ್ ಇನ್ನಷ್ಟು ಜಾರೀತು. ಈಗಾಗಲೇ ಮಾತ್ರೆ ಕೊಟ್ಟಿದ್ದರೆ ಪಶುವೈದ್ಯರಿಂದ ಮುಚ್ಚಿಡಬೇಡಿ. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಅಪಾಯ ಹೆಚ್ಚು.

ಕತ್ತಿನ ಪಟ್ಟಿ ಬಿಚ್ಚಿಡಿ. ಮೆಟ್ಟಿಲು, ಜಿಗಿತ ಬೇಡ. ಚಿಕ್ಕ ಜಾಗದಲ್ಲಿ ಮಲಗಿಸಿ, ಪಶುವೈದ್ಯರಿಗೆ ತೋರಿಸಿ. ನೋವಷ್ಟೇ ಇದ್ದರೆ ಕೆಲವು ವಾರಗಳ ಕಟ್ಟುನಿಟ್ಟಿನ ವಿಶ್ರಾಂತಿ, ಸರಿಯಾದ ಔಷಧಿಯಿಂದ ಅನೇಕ ನಾಯಿಗಳು ಚೇತರಿಸಿಕೊಳ್ಳುತ್ತವೆ. ಕಾಲು ಎಳೆಯತೊಡಗಿದರೆ, ಮೂತ್ರ ಕಟ್ಟಿದರೆ ಮಾತ್ರ ನಾಳೆಗೆ ಕಾಯಬೇಡಿ, ಅಂದೇ ಕರೆದೊಯ್ಯಿರಿ. ತಡವಾದಷ್ಟೂ ಅದು ಮತ್ತೆ ನಡೆಯುವ ಆಸೆ ಕಡಿಮೆ.

ಮನೆಯ ಮಾತ್ರೆ ಡಬ್ಬಿ ಮನೆಯವರಿಗಷ್ಟೇ ಇರಲಿ.