ಪರವಾನಗಿ ಉಚಿತ, ಪರಿಣತಿಗೆ ಯಾರು ಹೊಣೆ?

ಪಂಪು, ಬ್ಲೋವರ್, ವಾಲ್ವು, ಧೂಳು ಹಿಡಿಯುವ ಸೈಕ್ಲೋನ್, ಒಣಗಿಸುವ ಯಂತ್ರ ಮುಂತಾದವನ್ನು ತಯಾರಿಸುವ ಸಣ್ಣ ಕೈಗಾರಿಕೆಗಳಲ್ಲಿ ವಿನ್ಯಾಸದ ಸುಧಾರಣೆ ಎಂದರೆ ಇಂದಿಗೂ ಬಹುಮಟ್ಟಿಗೆ ಹೊಸ ಪ್ಯಾಟರ್ನ್, ಹೊಸ ಎರಕ, ಪರೀಕ್ಷೆ, ಮತ್ತೆ ತಿದ್ದುಪಡಿ ಎಂಬ ಸುತ್ತು. ಒಂದೊಂದು ಸುತ್ತಿಗೂ ವಾರಗಟ್ಟಲೆ ಸಮಯ ಹಾಗೂ ಹಣ ವ್ಯಯವಾಗುತ್ತದೆ. ದೊಡ್ಡ ಕಂಪನಿಗಳು ಇಂತಹ ಸುತ್ತುಗಳಲ್ಲಿ ಅನೇಕವನ್ನು ಗಣಕಯಂತ್ರದಲ್ಲಿಯೇ ಮುಗಿಸಿ, ಕೊನೆಯ ಒಂದೆರಡನ್ನು ಮಾತ್ರ ಕಾರ್ಖಾನೆಗೆ ತರುತ್ತವೆ. ನೀರು ಅಥವಾ ಗಾಳಿ ಹರಿಯುವ ಜಾಗವನ್ನು ಲಕ್ಷಾಂತರ ಚಿಕ್ಕ ಕೋಶಗಳಾಗಿ ವಿಭಜಿಸಿ, ಪ್ರತಿ ಕೋಶದಲ್ಲಿಯೂ ವೇಗ ಮತ್ತು ಒತ್ತಡವನ್ನು ಲೆಕ್ಕ ಹಾಕುವ ಈ ವಿಧಾನವು ಸಿ.ಎಫ್.ಡಿ. ಎಂಬ ಹೆಸರಿನಿಂದ ಪರಿಚಿತವಾಗಿದೆ.

ಇದು ಕೇವಲ ಪ್ರತಿಷ್ಠೆಯ ವಿಷಯವಲ್ಲ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಗಾಳಿಯ ಪ್ರಮಾಣ ಮತ್ತು ಬಳಕೆಯಾಗುವ ವಿದ್ಯುತ್ತಿನ ಅನುಪಾತವೇ ಅಲ್ಲಿ ಮಾನದಂಡ. ಇತರ ಯಂತ್ರಗಳ ಖರೀದಿದಾರನೂ ಬೆಲೆಯ ಜೊತೆಗೆ ವಿದ್ಯುತ್ ಬಿಲ್ಲಿನ ಲೆಕ್ಕವನ್ನು ಕೇಳತೊಡಗಿದ್ದಾನೆ. ಬ್ಲೋವರ್ ಸೆಳೆಯುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇ. 10ರಷ್ಟು ತಗ್ಗಿಸಿದರೆ ವಿದ್ಯುತ್ ಸುಮಾರು ಶೇ. 27ರಷ್ಟು ಉಳಿಯುತ್ತದೆ. ಕೊಳವೆಯ ಒಂದು ತಪ್ಪು ತಿರುವು ಬ್ಲೋವರನ್ನು ಅನಗತ್ಯ ವೇಗದಲ್ಲಿ ಓಡಿಸುವಂತೆ ಮಾಡಿದ್ದರೆ, ಆ ತಿರುವನ್ನು ಗುರುತಿಸುವ ಜ್ಞಾನಕ್ಕೆ ನೇರವಾದ ಬೆಲೆಯಿದೆ.

ಇದುವರೆಗೆ ಅಡ್ಡಿಯಾಗಿದ್ದುದು ತಂತ್ರಾಂಶದ ಬೆಲೆ. ಹೆಸರಾಂತ ವಾಣಿಜ್ಯ ತಂತ್ರಾಂಶಗಳ ಪರವಾನಗಿ ಶುಲ್ಕ ಲಕ್ಷಗಟ್ಟಲೆ ರೂಪಾಯಿಗಳಾಗಿದ್ದು, ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಬಳಸುವ ಸಣ್ಣ ಉದ್ಯಮಿಗೆ ಅದು ಹೊಂದುವುದಿಲ್ಲ. ಈ ಅಡ್ಡಿ ಬಹಳ ಹಿಂದೆಯೇ ತೊಲಗಿದೆ ಎಂಬ ಸಂಗತಿ ಅನೇಕರ ಗಮನಕ್ಕೆ ಬಂದಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆನ್ರಿ ವೆಲ್ಲರ್ ಮತ್ತವರ ಸಹೋದ್ಯೋಗಿಗಳು ರೂಪಿಸಿದ ತಂತ್ರಾಂಶವು 2004ರಲ್ಲಿ ‘ಓಪನ್‌ಫೋಮ್’ ಎಂಬ ಹೆಸರಿನಿಂದ ಮುಕ್ತವಾಯಿತು. ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇ.ಡಿ.ಎಫ್. ತನಗಾಗಿ ಸಿದ್ಧಪಡಿಸಿಕೊಂಡ ‘ಕೋಡ್ ಸ್ಯಾಟರ್ನ್’ 2007ರಲ್ಲಿ ಅದೇ ಹಾದಿ ಹಿಡಿಯಿತು. ಫಲಿತಾಂಶವನ್ನು ಚಿತ್ರರೂಪದಲ್ಲಿ ತೋರಿಸುವ ‘ಪ್ಯಾರಾವ್ಯೂ’ ಕೂಡ ಉಚಿತವೇ.

ಮುಕ್ತ ತಂತ್ರಾಂಶವನ್ನು ಬಳಸಿದರೆ ವಿನ್ಯಾಸವೂ ಬಹಿರಂಗವಾಗುತ್ತದೆ ಎಂಬ ಆತಂಕ ಕೆಲವರಲ್ಲಿದೆ. ಇದು ಆಧಾರರಹಿತ. ಓಪನ್‌ಫೋಮ್ ಪಾಲಿಸುವ ಜಿ.ಪಿ.ಎಲ್. ಪರವಾನಗಿಯ ಷರತ್ತು ತಂತ್ರಾಂಶಕ್ಕೆ ಸಂಬಂಧಿಸಿದ್ದೇ ಹೊರತು ಬಳಕೆದಾರನ ನಕ್ಷೆಗಾಗಲಿ, ಫಲಿತಾಂಶಕ್ಕಾಗಲಿ ಸಂಬಂಧಿಸಿದ್ದಲ್ಲ. ತಂತ್ರಾಂಶವನ್ನೇ ಇತರರಿಗೆ ವಿತರಿಸಿದಾಗ ಮಾತ್ರ ಅದರ ಮೂಲ ಸಂಕೇತವನ್ನು ಒದಗಿಸಬೇಕಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕದ್ದ ಪ್ರತಿಯ ಅಪಾಯ ನೈಜವಾದುದು. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ತಿಳಿದೂ ಅಕ್ರಮ ಪ್ರತಿಯನ್ನು ಗಣಕಯಂತ್ರದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದಾಗಿದೆ. ಅಧಿಕೃತವಾದ ಉಚಿತ ಸಾಧನ ಕೈಗೆಟಕುವಂತಿರುವಾಗ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ವ್ಯವಹಾರ ಜಾಣತನವಲ್ಲ.

ಹಾಗೆಂದು ಉಚಿತವಾದುದೆಲ್ಲ ಸುಲಭವೆಂದು ಭಾವಿಸಬಾರದು. ಓಪನ್‌ಫೋಮ್ ಮೂಲತಃ ಲಿನಕ್ಸ್ ವ್ಯವಸ್ಥೆಗಾಗಿ ರಚಿತವಾದುದು. ಗುಂಡಿ ಒತ್ತಿ ಆಯ್ಕೆ ಮಾಡುವ ಪರದೆಯ ಬದಲು ಇಲ್ಲಿ ಪಠ್ಯ ಕಡತಗಳಲ್ಲಿ ಪ್ರತಿಯೊಂದು ಅಂಶವನ್ನೂ ಬರೆಯಬೇಕಾಗುತ್ತದೆ. ಕೋಶಗಳ ಜಾಲವನ್ನು ಒರಟಾಗಿ ರಚಿಸಿದರೆ, ಅಥವಾ ಸುಳಿಗಾಳಿಯ ಲೆಕ್ಕಕ್ಕೆ ಹೊಂದದ ಮಾದರಿಯನ್ನು ಆರಿಸಿದರೆ, ತಂತ್ರಾಂಶವು ತಪ್ಪು ಉತ್ತರವನ್ನೂ ಅಷ್ಟೇ ಅಂದವಾದ ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಆ ಚಿತ್ರವನ್ನು ನಂಬಿ ಪ್ಯಾಟರ್ನ್ ಮಾಡಿಸಿದವನ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಎರಕದ ಕಾರ್ಖಾನೆಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಲೋಹ ಅಚ್ಚಿನೊಳಗೆ ಗಟ್ಟಿಯಾಗುವಾಗ ಉಂಟಾಗುವ ದೋಷಗಳ ವಿಶ್ಲೇಷಣೆಗೆ ಪ್ರತ್ಯೇಕ ತಂತ್ರಾಂಶಗಳಿದ್ದು, ಓಪನ್‌ಫೋಮ್ ಅವುಗಳಿಗೆ ಸಿದ್ಧ ಬದಲಿಯಲ್ಲ.

ಆದುದರಿಂದ ಎರಡು ನಿಯಮಗಳನ್ನು ಸಡಿಲಿಸಬಾರದು. ಮೊದಲನೆಯದಾಗಿ, ಒಂದೇ ಸಮಸ್ಯೆಯನ್ನು ಕನಿಷ್ಠ ಮೂರು ಗಾತ್ರದ ಕೋಶಗಳಲ್ಲಿ ಬಿಡಿಸಬೇಕು. ಕೋಶ ಸೂಕ್ಷ್ಮವಾದಂತೆಲ್ಲ ಉತ್ತರ ಬದಲಾಗುತ್ತಲೇ ಇದ್ದರೆ ಆ ಉತ್ತರಕ್ಕೆ ಬೆಲೆಯಿಲ್ಲ. ಎರಡನೆಯದಾಗಿ, ಹೊಸ ವಿನ್ಯಾಸಕ್ಕೆ ಕೈಹಾಕುವ ಮೊದಲು, ಈಗಾಗಲೇ ಮಾರಾಟದಲ್ಲಿರುವ ಪಂಪಿನ ಅಥವಾ ಬ್ಲೋವರಿನ ಲೆಕ್ಕವನ್ನು ಮಾಡಿ, ಪರೀಕ್ಷಾ ಬೆಂಚಿನ ಅಳತೆಯೊಂದಿಗೆ ತಾಳೆ ನೋಡಬೇಕು. ಹಳೆಯ ಯಂತ್ರವನ್ನು ಸರಿಯಾಗಿ ವಿವರಿಸಲಾರದ ಲೆಕ್ಕವು ಹೊಸದನ್ನು ವಿವರಿಸಲಾರದು. ಹೀಗಾಗಿ, ಪರೀಕ್ಷಾ ದಾಖಲೆಗಳನ್ನು ಕ್ರಮವಾಗಿ ಇಡದ ಕಾರ್ಖಾನೆಗೆ ತಂತ್ರಾಂಶಕ್ಕಿಂತ ಮೊದಲು ದಾಖಲೆ ಪುಸ್ತಕ ಅಗತ್ಯ.

ಪರವಾನಗಿಯ ಖರ್ಚು ಉಳಿದರೂ ಪರಿಣತ ಇಂಜಿನಿಯರನ ಸಂಬಳ ಉಳಿಯುವುದಿಲ್ಲ. ಇಪ್ಪತ್ತು ಕಾರ್ಮಿಕರ ಘಟಕವೊಂದು ಈ ಕೆಲಸಕ್ಕೆಂದೇ ಒಬ್ಬನನ್ನು ನೇಮಿಸಿಕೊಳ್ಳಲಾರದು. ಆದರೆ ಇಪ್ಪತ್ತು ಘಟಕಗಳು ಸೇರಿದರೆ ಇಬ್ಬರನ್ನು ನೇಮಿಸಿಕೊಳ್ಳಬಹುದು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಒಂದೇ ಬಗೆಯ ಸಮಸ್ಯೆಯುಳ್ಳ ಘಟಕಗಳು ಅಕ್ಕಪಕ್ಕದಲ್ಲಿಯೇ ಇರುವುದರಿಂದ ಇದು ಅಸಾಧ್ಯವೇನಲ್ಲ. ವಾಣಿಜ್ಯ ಸಂಘಗಳು ಹಾಗೂ ಕೈಗಾರಿಕಾ ಸಂಘಗಳು ಹೊಣೆ ಹೊರಬೇಕಾದುದು ಇಲ್ಲಿಯೇ. ಒಂದೆರಡು ಉತ್ತಮ ಗಣಕಯಂತ್ರ, ಇಬ್ಬರು ಇಂಜಿನಿಯರುಗಳು, ಸದಸ್ಯರ ವಿನ್ಯಾಸದ ಗೌಪ್ಯತೆಗೆ ಲಿಖಿತ ಕರಾರು, ಕೆಲಸಕ್ಕೆ ತಕ್ಕ ಶುಲ್ಕ: ಇಷ್ಟರಿಂದ ಸಮಾನ ಸೇವಾ ಕೇಂದ್ರವನ್ನು ಆರಂಭಿಸಬಹುದು. ಐ.ಐ.ಟಿ. ಬಾಂಬೆಯ ‘ಫಾಸ್ಸಿ’ ಯೋಜನೆಯು ಓಪನ್‌ಫೋಮ್ ಕಲಿಕೆಯ ಸಾಮಗ್ರಿಯನ್ನು ಉಚಿತವಾಗಿ ಒದಗಿಸುತ್ತಿದೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪಠ್ಯಪುಸ್ತಕದ ಸಮಸ್ಯೆಯ ಬದಲು ನೆರೆಯ ಕಾರ್ಖಾನೆಯ ಪಂಪನ್ನೇ ಅಧ್ಯಯನಕ್ಕೆ ಎತ್ತಿಕೊಂಡರೆ ಉಭಯತ್ರರಿಗೂ ಲಾಭ.

ಸರ್ಕಾರದ ಸಹಾಯಧನ ಬರಲಿ ಎಂದು ಕಾಯುವ ಅಗತ್ಯ ಇಲ್ಲಿಲ್ಲ. ಬೆಲೆಬಾಳುವ ಸಾಧನವನ್ನು ಜಗತ್ತು ಆಗಲೇ ಉಚಿತವಾಗಿ ಕೊಟ್ಟಾಗಿದೆ. ಉಳಿದಿರುವುದು ಅದನ್ನು ಹಿಡಿಯಬಲ್ಲ ಕೈಗಳನ್ನು ಒಟ್ಟಾಗಿ ತಯಾರು ಮಾಡುವ ಕೆಲಸ. ಒಂಟಿಯಾಗಿ ಭರಿಸಲಾಗದ ವೆಚ್ಚವನ್ನು ಹಂಚಿಕೊಳ್ಳುವುದಕ್ಕಾಗಿಯೇ ಸಂಘಗಳು ಹುಟ್ಟಿದ್ದು ಎಂಬುದನ್ನು ಮರೆಯಲಾಗದು.