‘ಅದನ್ನು ಅಲ್ಲಿಡು’ ಎಂದರೆ ಯಂತ್ರಕ್ಕೆ ತಿಳಿದೀತೇ?

ಬಾಯಿಮಾತಿನಿಂದಲೇ ದೃಶ್ಯ ಕಟ್ಟುವ ತಂತ್ರಜ್ಞಾನ ಈಗ ಕೌತುಕದ ವಸ್ತುವಾಗಿ ಉಳಿದಿಲ್ಲ. 2022ರ ಫೆಬ್ರುವರಿಯಲ್ಲಿ ಮೆಟಾ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಬರಿಯ ಮಾತಿನಿಂದ ಕಡಲತೀರ, ಮೋಡಗಳನ್ನು ವರ್ಚುವಲ್ ಲೋಕದಲ್ಲಿ ಮೂಡಿಸಿ ತೋರಿಸಿದ್ದರು. 2025ರ ಆಗಸ್ಟ್‌ನಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ ‘ಜೀನಿ 3’, ಕೆಲವು ಸಾಲಿನ ವಿವರಣೆಯಿಂದ ಓಡಾಡಬಹುದಾದ ಲೋಕವನ್ನೇ ನಿರ್ಮಿಸುತ್ತದೆ. ಆ ಲೋಕ ಕೆಡದೆ ನಿಲ್ಲುವುದು ಕೆಲವೇ ನಿಮಿಷ ಎಂಬುದು ಬೇರೆ ಮಾತು.

ಈ ಕನಸು ಹಳೆಯದು. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಬೋಲ್ಟ್ 1980ರಲ್ಲಿ ‘ಪುಟ್ ದಟ್ ದೇರ್’ ಎಂಬ ಪ್ರಯೋಗವನ್ನು ವಿವರಿಸಿದರು. ಗೋಡೆಯಗಲದ ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತ ವ್ಯಕ್ತಿ ಕೈ ಚಾಚಿ ‘ಅದನ್ನು ಅಲ್ಲಿಡು’ ಎಂದರೆ ಆಕೃತಿ ಸರಿಯುತ್ತಿತ್ತು. ‘ಅದು’, ‘ಅಲ್ಲಿ’ ಎಂಬ ಪದಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ. ಬೆರಳಿಗೂ ಇಲ್ಲ. ಎರಡೂ ಕೂಡಿದಾಗ ವಸ್ತುವಿನ ಹೆಸರು ಗೊತ್ತಿಲ್ಲದವನೂ ಕೆಲಸ ಮಾಡಿಸಬಲ್ಲ. ಇಂದಿನ ವ್ಯವಸ್ಥೆಗಳಲ್ಲಿ ಹೆಚ್ಚಿನವು ಈ ಅನುಕೂಲವನ್ನೇ ಕೈಬಿಟ್ಟು, ಉದ್ದನೆಯ ವಿವರಣೆಯನ್ನು ನಿರೀಕ್ಷಿಸುತ್ತವೆ. ಅಂದರೆ ಬಳಸುವವನು ಬರಹಗಾರನಾಗಬೇಕು, ಇಂಗ್ಲಿಷ್ ಬಂದರೆ ಇನ್ನೂ ಒಳ್ಳೆಯದು.

ತಾಳಮದ್ದಳೆಯಲ್ಲಿಯೂ ವೇಷವಿಲ್ಲದೆ ಮಾತಿನಿಂದಲೇ ಸಭೆ, ರಣರಂಗಗಳು ಏಳುತ್ತವೆ ನಿಜ. ಆದರೆ ಅಲ್ಲಿ ಕೇಳುಗನಿಗೆ ಪ್ರಸಂಗ ಮೊದಲೇ ಗೊತ್ತು. ಯಂತ್ರಕ್ಕೆ ಆ ಪೂರ್ವಪರಿಚಯವಿಲ್ಲ. ‘ಸ್ವಲ್ಪ ಹಿಂದೆ’ ಎಂಬ ಕನ್ನಡದ ಮಾತು ಸ್ಥಳವನ್ನೂ ಸೂಚಿಸಬಹುದು, ಕಳೆದ ಹೊತ್ತನ್ನೂ ಸೂಚಿಸಬಹುದು. ಸ್ಥಳವೇ ಎಂದಾದರೂ ಯಾರ ಹಿಂದೆ, ಹೇಳಿದವನದೋ ವಸ್ತುವಿನದೋ? ಮನುಷ್ಯರ ನಡುವೆ ಈ ಗೊಂದಲ ಕಣ್ಣೋಟದಲ್ಲೇ ಬಗೆಹರಿಯುತ್ತದೆ. ಅದರ ಮೇಲೆ ಅಚ್ಚಿನ ‘ಆ ಕಡೆಗೆ ಸರಿಸಿರಿ’ ಧಾರವಾಡದಲ್ಲಿ ‘ಆ ಕಡೆ ಸರಸ್ರಿ’, ಮೈಸೂರಿನಲ್ಲಿ ‘ಆ ಕಡೆ ಸರ್ಸಿ’.

ಇದು ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ, ಉದ್ಯೋಗದ ಪ್ರಶ್ನೆಯೂ ಹೌದು. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್ ಕ್ಷೇತ್ರಕ್ಕೆ 2012ರಲ್ಲಿಯೇ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024-29ರ ನೀತಿಯಲ್ಲಿ ವರ್ಚುವಲ್ ಮಾಧ್ಯಮಗಳೂ ಸೇರಿವೆ. ದೃಶ್ಯ ಕಟ್ಟಲು ಸಾಫ್ಟ್‌ವೇರ್ ಕಲಿಕೆಯ ಬದಲು ಮಾತೇ ಸಾಕಾಗುವುದಾದರೆ, ಯಾರ ಮಾತು ಯಂತ್ರಕ್ಕೆ ತಿಳಿಯುತ್ತದೆಯೋ ಅವರಿಗೆ ಮೊದಲ ಮಣೆ. ಬೆಂಗಳೂರಿನ ಸ್ಟುಡಿಯೊಗಳು ಹೇಗೋ ನಿಭಾಯಿಸಿಕೊಂಡಾವು. ಕಲಬುರಗಿಯ ಪಾಲಿಟೆಕ್ನಿಕ್ ವಿದ್ಯಾರ್ಥಿಯ ಗತಿ?

ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆ ಭಾರತೀಯ ಭಾಷೆಗಳ ಧ್ವನಿಗೆ ನೆಲೆ ಒದಗಿಸುತ್ತಿದೆ. ಆದರೆ ಧ್ವನಿ ಅರ್ಧ ಮಾತ್ರ. ಬಡಗಿಯೊಬ್ಬ ಶಿಷ್ಯನಿಗೆ ಹಲಗೆ ತೋರಿಸಿ ‘ಇದನ್ನ ಹಿಂಗೆ’ ಎನ್ನುವಾಗ ಕೈ ಹೇಳುವ ಉಳಿದರ್ಧ ವಾರ್ತಾವಾಚನದ ಧ್ವನಿಮುದ್ರಣದಲ್ಲಿ ಸಿಗದು. ಮಾತು, ಕೈ ಎರಡನ್ನೂ ಒಟ್ಟಿಗೆ, ಒಪ್ಪಿಗೆ ಪಡೆದು, ಜಿಲ್ಲೆ ಜಿಲ್ಲೆಗಳಲ್ಲಿ ದಾಖಲಿಸುವ ಕೆಲಸಕ್ಕೆ ವಿಶ್ವವಿದ್ಯಾಲಯಗಳು ಮುಂದಾಗಬೇಕಿದೆ. ಅದಕ್ಕೆ ದುಬಾರಿ ಹೆಡ್‌ಸೆಟ್ ಬೇಕಿಲ್ಲ, ಸಾಧಾರಣ ಕ್ಯಾಮೆರಾ ಸಾಕು.