ಹವಾಮಾನ ವರದಿಗೆ ಇನ್ನೊಂದು ಅಂಕಿ ಸೇರಲಿ

ಗೇಟು, ಗ್ರಿಲ್ ಮಾಡುವ ಅಂಗಡಿಯ ಹುಡುಗ ಕನ್ನಡಕವಿಲ್ಲದೆ, ಮುಖ ಅತ್ತ ತಿರುಗಿಸಿ ವೆಲ್ಡಿಂಗ್ ಮಾಡುತ್ತಾನೆ. ಆಗ ಏನೂ ಆಗುವುದಿಲ್ಲ. ರಾತ್ರಿ ಕಣ್ಣಿಗೆ ಮರಳು ಎರಚಿದ ಹಾಗೆ ಚುಚ್ಚತೊಡಗುತ್ತದೆ, ನೀರು ಸುರಿಯುತ್ತದೆ, ದೀಪ ನೋಡಲಾಗುವುದಿಲ್ಲ. ಕಿಡಿ ತಾಗಿದ್ದಲ್ಲ, ಶಾಖ ಬಡಿದದ್ದೂ ಅಲ್ಲ. ಆರ್ಕ್‌ನಿಂದ ಹೊಮ್ಮಿದ ಅತಿನೇರಳೆ ಕಿರಣ ಕಾರ್ನಿಯಾವನ್ನು ಸುಟ್ಟಿರುತ್ತದೆ.

1801ರಲ್ಲಿ ಜರ್ಮನಿಯ ಯೇನಾದಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಈ ಕಿರಣವನ್ನು ಪತ್ತೆ ಮಾಡಿದ್ದೂ ಕಣ್ಣಿನಿಂದಲ್ಲ. ಪಟ್ಟಕದಿಂದ ಹರಡಿದ ಬಣ್ಣಗಳಿಗೆ ಬೆಳ್ಳಿಯ ಕ್ಲೋರೈಡ್ ಒಡ್ಡಿದಾಗ, ನೇರಳೆಯ ಆಚೆ ಏನೂ ಕಾಣದ ಜಾಗದಲ್ಲೇ ಅದು ಬೇಗ ಕಪ್ಪಾಯಿತು.

ಕಾಣದ, ಮೈಗೆ ಬಿಸಿ ತಟ್ಟಿಸದ ಈ ಬೆಳಕನ್ನು ಸೆಕೆಯಿಂದ ಅಳೆಯುವುದೇ ತಪ್ಪು. ಬೆಂಗಳೂರಿನಲ್ಲಿ ನೆರಳೇ ಬೀಳದ ಮಧ್ಯಾಹ್ನ ವರ್ಷಕ್ಕೆ ಎರಡು ಸಲ ಬರುತ್ತದೆ, ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ. ಏಪ್ರಿಲ್‌ನಲ್ಲಿ ಎಲ್ಲರೂ ಕೊಡೆ ಹಿಡಿಯುತ್ತಾರೆ. ಆಗಸ್ಟ್‌ನ ತಂಗಾಳಿಯಲ್ಲಿ ಬಿಸಿಲಿನ ಯೋಚನೆಯೇ ಇರುವುದಿಲ್ಲ. ಆದರೆ ಮೋಡ ಸರಿದ ಗಳಿಗೆಯಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ತೆಳು ಮೋಡವಂತೂ ಈ ಕಿರಣವನ್ನು ಅಷ್ಟಾಗಿ ತಡೆಯುವುದೂ ಇಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿಗೆ ಅದರ ಪಾಲು ಇನ್ನಷ್ಟು ಹೆಚ್ಚು.

ಹೀಗಿರುವಾಗ ಹವಾಮಾನ ವರದಿಯಲ್ಲಿ ಉಷ್ಣಾಂಶದ ಪಕ್ಕದಲ್ಲೇ ಅತಿನೇರಳೆ ಕಿರಣದ ಪ್ರಮಾಣ ಹೇಳುವ ಯುವಿ ಸೂಚ್ಯಂಕವೂ ದಿನಾ ಬರಬೇಕು. 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ನಡುಮಧ್ಯಾಹ್ನ ಹೊರಗಿರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಊರೂರಿನ ಸೂಚ್ಯಂಕ ಹೇಳಿ ಎಚ್ಚರಿಸುತ್ತದೆ. ಅದೇ ಇಲ್ಲೂ ಜಿಲ್ಲೆ ಜಿಲ್ಲೆಗೆ, ಕನ್ನಡದಲ್ಲಿ, ಜನ ಕೆಲಸಕ್ಕೆ ಹೊರಡುವ ಮೊದಲೇ ಸಿಗಬೇಕು.

ಹಾಗೆಂದು ಬಿಸಿಲಿಗೆ ಹೆದರಿ ಮನೆಯೊಳಗೆ ಕೂರಬೇಕಿಲ್ಲ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಇದೇ ಕಿರಣದ ಯುವಿ-ಬಿ ಭಾಗದಿಂದ. ‘ನಮ್ಮದು ಕಪ್ಪು ಚರ್ಮ, ನಮಗೇನಾಗುತ್ತೆ’ ಎನ್ನುವ ಮಾತಿನಲ್ಲೂ ಅರ್ಧ ಸತ್ಯವಿದೆ. ಮೆಲನಿನ್ ಚರ್ಮವನ್ನು ಸಾಕಷ್ಟು ಕಾಯುತ್ತದೆ. ಕಣ್ಣಿಗೆ ಆ ಆಸರೆ ಇಲ್ಲ. ವರ್ಷಗಟ್ಟಲೆ ಬಿಸಿಲು ಕುಡಿದ ಕಣ್ಣಿಗೆ ಪೊರೆ ಬರುವ ಅಪಾಯ ಹೆಚ್ಚು.

ರಸ್ತೆಗೆ ಡಾಂಬರು ಹಾಕುವವರು, ಪೌರಕಾರ್ಮಿಕರು, ಸಿಗ್ನಲ್‌ನಲ್ಲಿ ನಿಲ್ಲುವ ಪೊಲೀಸರು ಸೂಚ್ಯಂಕ ಓದಿಕೊಂಡು ರಜೆ ಹಾಕಲಾರರು. ಆದ್ದರಿಂದ ಅದು ಬರೀ ಮಾಹಿತಿಯಾಗಿ ಉಳಿದರೆ ಸಾಲದು. ಸೂಚ್ಯಂಕ 8 ದಾಟಿದ ದಿನ ಹನ್ನೊಂದರಿಂದ ಮೂರರವರೆಗೆ ಬಯಲಿನ ಕೆಲಸ ನಿಲ್ಲಿಸಬೇಕು, ಆ ಹೊತ್ತಿನ ಕೂಲಿ ಕಡಿಯಬಾರದು. ಅಗಲ ಅಂಚಿನ ಟೋಪಿ, ಯುವಿ ತಡೆಯುವ ಕನ್ನಡಕ ಕೊಡುವ ಹೊಣೆ ಗುತ್ತಿಗೆದಾರನದೆಂದು ಟೆಂಡರಿನಲ್ಲೇ ಬರೆದಿರಬೇಕು.